ಅಗ್ಗ ಎಂದರೆ ಯಾರಿಗೆ?

ಹೈಡ್ರೋಜನ್‌ಗೆ ಕನ್ನಡ ಪಾಠಪುಸ್ತಕ ಕೊಟ್ಟ ಹೆಸರು ಜಲಜನಕ. ಕ್ಯಾಟಲಿಸ್ಟ್ ಕನ್ನಡದಲ್ಲಿ ವೇಗವರ್ಧಕ, ಉರ್ದುವಿನಲ್ಲಿ ಅಮಲ್ ಅಂಗೇಜ್. ಎರಡೂ ಭಾಷೆಗಳಲ್ಲಿ ಅಕ್ಷರ ಕಲಿತ ನಾವು ಕಥೆ ಬರೆಯುವವರೇ ಹೊರತು ಪ್ರಯೋಗಶಾಲೆಯವರಲ್ಲ. ಆದರೂ ನೀರಿನಿಂದ ಇಂಧನ ತೆಗೆಯುವ ಸುದ್ದಿ ಕಂಡರೆ ಬಿಡದೆ ಓದುತ್ತೇವೆ.

ನೀರಿಗೆ ವಿದ್ಯುತ್ ಹರಿಸಿ ಒಡೆಯುವ ವಿದ್ಯೆ ಹೊಸದಲ್ಲ. 1800ರಲ್ಲೇ ಇಂಗ್ಲೆಂಡಿನ ನಿಕೋಲ್ಸನ್ ಮತ್ತು ಕಾರ್ಲೈಲ್ ಅದನ್ನು ಮಾಡಿ ತೋರಿಸಿದ್ದರು. ಆದರೆ ಒಂದು ಕಿಲೋ ಜಲಜನಕಕ್ಕೆ ಸುಮಾರು 50 ಯೂನಿಟ್ ವಿದ್ಯುತ್ ಬೇಕು. ಒಳ್ಳೆಯ ವೇಗವರ್ಧಕವಿದ್ದರೆ ವಿದ್ಯುತ್ ಪೋಲಾಗುವುದು ತಗ್ಗುತ್ತದೆ. ಅದರ ಕೆಲಸ ಮದುವೆ ಕುದುರಿಸುವ ಹಿರಿಯಳ ಕೆಲಸದಂತೆ: ಜಲಜನಕದ ಪರಮಾಣುಗಳನ್ನು ಹತ್ತಿರ ತಂದು ಜೋಡಿ ಮಾಡಬೇಕು, ಮತ್ತೆ ಬಿಟ್ಟುಕೊಡಬೇಕು. ಬಿಗಿಯಾಗಿ ಹಿಡಿದರೂ ಕೆಟ್ಟಿತು, ಸಡಿಲ ಬಿಟ್ಟರೂ ಕೆಟ್ಟಿತು. ಈ ಹದ ಚೆನ್ನಾಗಿ ಬಲ್ಲದ್ದು ಪ್ಲಾಟಿನಂ. ಆಮ್ಲಜನಕ ಹೊರಡುವ ಕಡೆ, ಆಮ್ಲೀಯ ಯಂತ್ರಗಳಲ್ಲಿ, ಇರಿಡಿಯಂ ಬೇಕು. ಇಡೀ ಜಗತ್ತಿನ ಗಣಿಗಳಿಂದ ವರ್ಷಕ್ಕೆ ಸಿಗುವ ಇರಿಡಿಯಂ 10 ಟನ್ನನ್ನೂ ಮುಟ್ಟುವುದಿಲ್ಲ.

ಹಾಗಾಗಿ ಅಗ್ಗದ ವಸ್ತುಗಳ ಹುಡುಕಾಟ. ಗ್ರೀಸಿಗೆ ಬೆರೆಸುವ ಕಪ್ಪು ಪುಡಿ ಮಾಲಿಬ್ಡಿನಮ್ ಡೈಸಲ್ಫೈಡ್ ಈ ಕೆಲಸಕ್ಕೆ ಬರುತ್ತದೆ ಎಂದು 2005ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಹೇಳಿದರು. ಕೆಲಸ ಮಾಡುವುದು ಅದರ ಹಾಳೆಯ ನಡುಭಾಗವಲ್ಲ, ಅಂಚು ಎಂಬುದು 2007ರಲ್ಲಿ ಖಚಿತವಾಯಿತು. ಅಂಚಿನವರ ಕಥೆ ಬರೆಯುವ ನಮಗೆ ಇದು ಹಿಡಿಸಿತು. ಬೆಂಗಳೂರಿನ ಜಕ್ಕೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಇದೇ ವಸ್ತುವಿನ ಒಂದೇ ಪದರದ ಹಾಳೆಗಳಿಂದ, ಬೆಳಕಿನ ನೆರವಿನಲ್ಲಿ ಜಲಜನಕ ಪಡೆಯಿತು. ಅಮೆರಿಕದ ಡೇನಿಯಲ್ ನೊಸೆರಾ 2008ರಲ್ಲಿ ಕೋಬಾಲ್ಟ್ ಮತ್ತು ಫಾಸ್ಫೇಟ್‌ನಿಂದ ಆಮ್ಲಜನಕದ ಬದಿಯ ವೇಗವರ್ಧಕ ಮಾಡಿದರು.

ಇಲ್ಲಿ ನಮಗೊಂದು ತಕರಾರಿದೆ. ಜಗತ್ತಿನ ಅರ್ಧಕ್ಕೂ ಹೆಚ್ಚು ಕೋಬಾಲ್ಟ್ ಬರುವುದು ಕಾಂಗೋದಿಂದ. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳು ದುಡಿದದ್ದು ದಾಖಲಾಗಿದೆ. ಮಗುವಿನ ಬೆನ್ನ ಮೇಲೆ ಬಂದದ್ದನ್ನು ಅಗ್ಗ ಎನ್ನಬಹುದೇ? ಕಬ್ಬಿಣ, ನಿಕ್ಕಲ್‌ಗಳು ಕ್ಷಾರೀಯ ಯಂತ್ರಗಳಲ್ಲಿ ಚೆನ್ನಾಗಿಯೇ ದುಡಿಯುತ್ತವೆ. ಗಣಿಯ ಕಷ್ಟ ಅವಕ್ಕೂ ಇದೆ, ನಿಜ. ಆದರೂ ಅಪರೂಪದ ಲೋಹಕ್ಕೆ ಜೋತುಬೀಳುವುದಕ್ಕಿಂತ ಆ ದಾರಿ ಮೇಲು.

2023ರಲ್ಲಿ ಕೇಂದ್ರ ಸರಕಾರ ಹಸಿರು ಜಲಜನಕ ಯೋಜನೆಗೆ 19,744 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಕಿಲೋ ಜಲಜನಕಕ್ಕೆ ಕನಿಷ್ಠ 9 ಲೀಟರ್ ಶುದ್ಧ ನೀರು ಬೇಕು. ನಮ್ಮ ಓಣಿಯ ನಲ್ಲಿಗೆ ವಾರಕ್ಕೆರಡು ದಿನ ನೀರು. ಕಾರ್ಖಾನೆ ಬರಲಿ, ನಾವು ಬೇಡ ಎನ್ನುವುದಿಲ್ಲ. ಆದರೆ ಅದು ಯಾವ ಊರಿನ, ಯಾವ ಕೆರೆಯ ನೀರು ಎಂದು ಮೊದಲೇ ಹೇಳಲಿ.