ಮೂರನೆಯ ಅಂಕೆ

ನಮ್ಮ ಅಂಚೆಟ್ಟಿಯಲ್ಲಿ ಮಳೆ ಬಂದರೂ ಗಾಳಿ ಬೀಸಿದರೂ ಮೊದಲು ಹೋಗುವುದು ವಿದ್ಯುತ್ತು. ಇಂತಹ ಊರಿನ ಶಾಲೆಗೆ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ವರ್ಷ ಹದಿನಾರು ಪೋರ್ಟುಗಳ ನೆಟ್‌ವರ್ಕ್ ಸ್ವಿಚ್ಚೊಂದನ್ನು ತಂದುಕೊಟ್ಟನು. ಸಾಧಾರಣ ಸ್ವಿಚ್ಚಾದರೆ ಕೇಬಲ್ ಸಿಕ್ಕಿಸಿದೊಡನೆ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಇದಾದರೋ, ಯಾವ ಪೋರ್ಟು ಯಾವುದರೊಡನೆ ಮಾತನಾಡಬೇಕೆಂದು ನಾವು ವಿಧಿಸಿದಂತೆ ನಡೆಯುವ ಜಾತಿಯದು. ನಮಗೆ ಬೇಕಾದುದೂ ಅದೇ. ಮಕ್ಕಳ ಕಂಪ್ಯೂಟರುಗಳಲ್ಲಿ ಕನ್ನಡ ಪಾಠಗಳು. ಕಛೇರಿಯದರಲ್ಲಿ ಅಂಕಪಟ್ಟಿ, ಪ್ರತಿಯೊಂದು ಮಗುವಿನ ಮನೆಯ ವಿವರ. ಎರಡೂ ಒಂದೇ ಪೆಟ್ಟಿಗೆಗೆ ಸೇರಬೇಕು, ಆದರೆ ಒಂದರೊಳಗೆ ಇನ್ನೊಂದು ಇಣುಕಬಾರದು.

ಹಾಗೆ ವಿಧಿಸಲು ಸ್ವಿಚ್ಚಿನೊಳಗಿನ ಪುಟವನ್ನು ಕಂಪ್ಯೂಟರಿನಲ್ಲಿ ತೆರೆಯಬೇಕು. ಅದು ತೆರೆಯಲೇ ಇಲ್ಲ. ನೋಡಲು ಬಂದವರೊಬ್ಬರು “ಪೆಟ್ಟಿಗೆ ಕೆಟ್ಟಿದೆ, ಹೊಸದನ್ನು ಕೊಳ್ಳಿರಿ” ಎಂದು ಹೇಳಿ ಹೊರಟುಹೋದರು. ಹೊಸದಕ್ಕೆ ಹಣವೆಲ್ಲಿ? ಎರಡು ತಿಂಗಳು ಅದು ಬೀರುವಿನ ಮೇಲೆಯೇ ಕುಳಿತಿತು. ಮಕ್ಕಳು ದಿನವೂ ಆ ಕೊಠಡಿಯ ಕಿಟಕಿಯಲ್ಲಿ ಇಣುಕಿ ಹೋಗುತ್ತಿದ್ದರು.

ಒಂದು ದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪೆಟ್ಟಿಗೆಯನ್ನು ಮಗುಚಿ, ತಳದ ಚೀಟಿಯನ್ನು ಓದಿ, “ಸಾರ್, ಇಲ್ಲಿ ಮೂರನೆಯದು ಸೊನ್ನೆ, ನಮ್ಮದರಲ್ಲಿ ಒಂದು” ಎಂದಳು. ಸ್ವಿಚ್ಚಿನ ವಿಳಾಸ 192.168.0.1, ನಮ್ಮ ಕಂಪ್ಯೂಟರುಗಳದು 192.168.1.10ರಿಂದ ಮುಂದಕ್ಕೆ. ಎರಡರ ಸಬ್‌ನೆಟ್ ಮಾಸ್ಕ್ ಕೂಡ 255.255.255.0.

ಓದುಗರಿಗೆ ಇದನ್ನು ಪಿನ್ ಕೋಡಿನಿಂದ ತಿಳಿಸುವುದು ಸುಲಭ. 1972ರಲ್ಲಿ ಬಂದ ಆ ಆರಂಕಿಯ ಸಂಖ್ಯೆಯಲ್ಲಿ ಮೊದಲ ಮೂರು ಅಂಕಿಗಳು ಪ್ರದೇಶವನ್ನೂ ಉಳಿದವು ಅಂಚೆ ಕಛೇರಿಯನ್ನೂ ಸೂಚಿಸುತ್ತವೆ. ನಮ್ಮದು 635ರಿಂದ ಮೊದಲಾಗುತ್ತದೆ. ಕಾಡಿನಾಚೆಯ ಕನಕಪುರದ್ದು 562ರಿಂದ. ಮಾಸ್ಕ್ ಎಂಬುದು ವಿಳಾಸದಲ್ಲಿ ಊರಿನ ಹೆಸರು ಎಲ್ಲಿಗೆ ಮುಗಿದು ಮನೆಯ ಸಂಖ್ಯೆ ಎಲ್ಲಿಂದ ಮೊದಲಾಗುತ್ತದೆಂದು ತೋರಿಸುವ ಗೆರೆ. 255 ಇರುವೆಡೆ ಊರು, ಸೊನ್ನೆ ಇರುವೆಡೆ ಮನೆ. ಆ ಲೆಕ್ಕದಲ್ಲಿ ನಮ್ಮ ಮೇಜಿನ ಮೇಲೆಯೇ ಇದ್ದ ಪೆಟ್ಟಿಗೆ ನಮಗೆ ಪರವೂರು!

ನಾನು ಗಣಿತದ ಮೇಷ್ಟ್ರು. ಗೆರೆಯನ್ನೇ ಸರಿಸಿದರಾಯಿತೆಂದು ಜಾಣತನದಿಂದ ನಮ್ಮ ಕಂಪ್ಯೂಟರೊಂದರ ಮಾಸ್ಕನ್ನು 255.255.0.0 ಎಂದು ಬದಲಿಸಿದೆ. ಆಗಲೂ ಪುಟ ಬರಲಿಲ್ಲ. ಕಾರಣ ಹೊಳೆಯಲು ಒಂದು ರಾತ್ರಿ ಬೇಕಾಯಿತು. ನಮ್ಮ ಕಂಪ್ಯೂಟರು ಸ್ವಿಚ್ಚನ್ನು ನೆರೆಮನೆಯೆಂದು ತಿಳಿದು ಕಾಗದ ಹಾಕಿತು, ಕಾಗದ ತಲುಪಿಯೂ ತಲುಪಿತು. ಆದರೆ ಸ್ವಿಚ್ಚಿನ ಗೆರೆ ಹಿಂದಿನಂತೆಯೇ ಇದ್ದುದರಿಂದ ಅದು ನಮ್ಮನ್ನು ಪರವೂರಿನವರೆಂದೇ ಬಗೆದು, ಉತ್ತರವನ್ನು ಗೇಟ್‌ವೇ ಎಂಬ ಹೊರಬಾಗಿಲ ಮೂಲಕ ಕಳುಹಿಸಲು ನೋಡಿತು. ನಮ್ಮಲ್ಲಿ ಅಂತಹ ಬಾಗಿಲೇ ಇರಲಿಲ್ಲ. ನಾವು ಅವರನ್ನು ನೆರೆಯವರೆಂದರೆ ಸಾಲದು, ಅವರೂ ನಮ್ಮನ್ನು ಹಾಗೆ ಎಣಿಸಬೇಕಲ್ಲ. ಗಡಿಯಲ್ಲಿ ಬಾಳುವ ನಮಗೆ ಇದನ್ನು ಪೆಟ್ಟಿಗೆಯೊಂದು ಕಲಿಸಬೇಕಾಗಿ ಬಂದುದು ತಮಾಷೆಯೇ ಸರಿ.

ಮರುದಿನ ಮಾಸ್ಕನ್ನು ಮೊದಲಿನಂತೆಯೇ ಇಟ್ಟು, ಒಂದು ಕಂಪ್ಯೂಟರಿಗೆ ಮಾತ್ರ ತಾತ್ಕಾಲಿಕವಾಗಿ 192.168.0.10 ಎಂಬ ವಿಳಾಸ ಕೊಟ್ಟು, ಉಳಿದ ಕೇಬಲ್‌ಗಳನ್ನೆಲ್ಲ ಕಿತ್ತು, ಅದೊಂದನ್ನೇ ಸ್ವಿಚ್ಚಿಗೆ ಸೇರಿಸಿದೆವು. ಪುಟ ತೆರೆಯಿತು. ಸ್ವಿಚ್ಚಿನ ವಿಳಾಸವನ್ನು 192.168.1.2 ಎಂದು ಬದಲಿಸಿದೊಡನೆ ಪುಟ ಮಾಯ! ಎದೆ ಧಸಕ್ಕೆಂದಿತು. “ಅದು ನಮ್ಮ ಊರಿಗೆ ಬಂತು ಸಾರ್, ಈಗ ನಾವೇ ಹೊರಗಿದ್ದೇವೆ” ಎಂದಳು ಆ ಹುಡುಗಿ. ಕಂಪ್ಯೂಟರಿಗೆ ಹಳೆಯ ವಿಳಾಸವನ್ನು ಮರಳಿ ಕೊಟ್ಟೊಡನೆ ಪುಟ ಕಾಣಿಸಿತು. ಹನ್ನೆರಡು ಪೋರ್ಟುಗಳನ್ನು ಮಕ್ಕಳಿಗೆ, ನಾಲ್ಕನ್ನು ಕಛೇರಿಗೆ ವಿಂಗಡಿಸಿದೆವು.

ಅಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ನೋಡಿದರೆ ಎಲ್ಲವೂ ಹಳೆಯಂತೆ! ಮಾಡಿದ್ದನ್ನು ಉಳಿಸುವ ಗುಂಡಿಯೊಂದು ಬೇರೆಯೇ ಇತ್ತು. ನಾವು ಅದನ್ನು ಒತ್ತಿರಲಿಲ್ಲ. ಪುನಃ ಮೊದಲಿನಿಂದ.

ಈಗ ಪೆಟ್ಟಿಗೆಯ ಮೇಲೊಂದು ಚೀಟಿ ಅಂಟಿಸಿದೆ. ವಿಳಾಸ, ಮಾಸ್ಕ್, ಕೆಳಗೆ “ಉಳಿಸಲು ಮರೆಯಬೇಡಿ, ಸಾರ್” ಎಂಬ ಸಾಲು. ಬರಹ ಅವಳದೇ.