ವಾಗ್ದಾನವೂ ಧರ್ಮಶಾಸ್ತ್ರವೂ

ಕೊಟ್ಟೇ ಕೊಡುವೆನೆಂಬ ಮಾತು ಒಂದು ಬಗೆಯದು. ಹೀಗೆ ನಡೆದುಕೊಂಡರೆ ಕೊಡುವೆನೆಂಬುದು ಮತ್ತೊಂದು ಬಗೆಯದು. ಮೊದಲನೆಯದರ ಭಾರವೆಲ್ಲವೂ ಕೊಡುವವನದು. ಎರಡನೆಯದು ಇಬ್ಬರನ್ನೂ ಕಟ್ಟುವುದು. ಕ್ರೈಸ್ತರ ವೇದಗ್ರಂಥದಲ್ಲಿ ಈ ಎರಡು ಬಗೆಯ ಮಾತುಗಳೂ ಉಂಟು. ಕನ್ನಡ ಬೈಬಲಿನಲ್ಲಿ ಎರಡಕ್ಕೂ ಒಡಂಬಡಿಕೆಯೆಂಬ ಒಂದೇ ಹೆಸರಿದ್ದರೂ ಅವುಗಳ ಸ್ವರೂಪವು ಒಂದೇ ಅಲ್ಲ.

ಪೂರ್ವಕಾಲದಲ್ಲಿ ಒಡಂಬಡಿಕೆ ಮಾಡಿಕೊಳ್ಳುವವರು ಪಶುವನ್ನು ಸೀಳಿ, ಹೋಳುಗಳನ್ನು ಎದುರುಬದುರಾಗಿರಿಸಿ, ಅವುಗಳ ನಡುವೆ ಹಾದುಹೋಗುವ ಪದ್ಧತಿಯಿದ್ದಿತು. ಮಾತಿಗೆ ತಪ್ಪಿದವನಿಗೆ ಆ ಪಶುವಿನ ಗತಿಯೇ ಬರಲೆಂಬುದು ಅದರ ಭಾವ. ಆದಿಕಾಂಡದ 15ನೆಯ ಅಧ್ಯಾಯದಲ್ಲಿ, ಆಗಿನ್ನೂ ಅಬ್ರಾಮನೆನಿಸಿಕೊಂಡಿದ್ದ ಅಬ್ರಹಾಮನು ಹೋಳುಗಳನ್ನು ಅಣಿಮಾಡಿದನು. ಆದರೆ ಸೂರ್ಯನು ಮುಳುಗುವ ಹೊತ್ತಿಗೆ ಅವನಿಗೆ ಗಾಢನಿದ್ರೆ ಕವಿಯಿತು. ಕತ್ತಲಾದ ಮೇಲೆ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಮಾತ್ರ ಆ ಹೋಳುಗಳ ನಡುವೆ ಹಾದುಹೋದವು. ಅಬ್ರಹಾಮನು ಹಾಯಲಿಲ್ಲ; ಭಾಷೆಗೆ ಕಟ್ಟುಬಿದ್ದವನು ದೇವರೊಬ್ಬನೇ. ಸೀನಾಯಿ ಬೆಟ್ಟದ ಬುಡದಲ್ಲಿ ನಡೆದುದು ಬೇರೆ. ಅಲ್ಲಿ ಮೋಶೆಯು ವಿಧಿಗಳನ್ನು ಓದಿದನು, ಜನರು ನಡೆಸುವೆವೆಂದು ಒಪ್ಪಿದರು. ಯಜ್ಞದ ರಕ್ತವು ವೇದಿಯ ಮೇಲೂ ಬಿದ್ದಿತು, ಜನರ ಮೇಲೂ ಬಿದ್ದಿತು.

ಕ್ರಿ. ಶ. 50ರ ಆಸುಪಾಸಿನಲ್ಲಿ, ಇಂದಿನ ತುರ್ಕಿ ದೇಶಕ್ಕೆ ಸೇರಿದ ಗಲಾತ್ಯದಲ್ಲಿ ಈ ಭೇದವು ದೊಡ್ಡ ವಿವಾದವಾಯಿತು. ಯೆಹೂದ್ಯರಲ್ಲದ ವಿಶ್ವಾಸಿಗಳೂ ಸುನ್ನತಿಗೆ ಒಳಗಾಗಬೇಕೆಂದು ಕೆಲವರು ಬೋಧಿಸಿದರು. ಪೌಲನು ಒಪ್ಪಲಿಲ್ಲ. ಗ್ರೀಕಿನಲ್ಲಿ ಒಡಂಬಡಿಕೆಗೂ ಮರಣಶಾಸನಕ್ಕೂ ಒಂದೇ ಪದವಾದುದರಿಂದ, ಸ್ಥಿರವಾದ ಶಾಸನವನ್ನು 430 ವರ್ಷಗಳ ಮೇಲೆ ಬಂದ ಧರ್ಮಶಾಸ್ತ್ರವು ರದ್ದುಮಾಡಲಾರದೆಂದು ಅವನು ವಾದಿಸಿದನು. ಶಾಸ್ತ್ರವು, ಯಜಮಾನನ ಮಗನನ್ನು ಕೈಹಿಡಿದು ಪಾಠಶಾಲೆಗೆ ಕರೆದೊಯ್ಯುವ ಆಳಿನಂತೆ. ಮಗನು ಪ್ರಾಯಕ್ಕೆ ಬಂದಮೇಲೆ ಆ ಕಾವಲು ಮುಗಿಯುವುದು.

ಇದು ಕೇವಲ ಪಂಡಿತರ ತರ್ಕವಾಗಿರಲಿಲ್ಲ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಡನೆ ಕುಳಿತು ಉಣ್ಣುತ್ತಿದ್ದವನು, ಯೆರೂಸಲೇಮಿನಿಂದ ಕೆಲವರು ಬಂದೊಡನೆ ಅಂಜಿ ಹಿಂದೆಗೆದನು. ಬಾರ್ನಬನೂ ಅವನನ್ನು ಅನುಸರಿಸಿದನು. ಪೌಲನು ಎಲ್ಲರೆದುರಿಗೆ ಪೇತ್ರನನ್ನು ಆಕ್ಷೇಪಿಸಿದನು. ಆಸ್ತಿಯು ದಾನವಾಗಿ ಬಂದುದಾದರೆ ಹಕ್ಕುದಾರರಲ್ಲಿ ಪಂಕ್ತಿಭೇದವೆಲ್ಲಿಯದು?

ಹಾಗಾದರೆ ಧರ್ಮಶಾಸ್ತ್ರವನ್ನು ತೊರೆದುಬಿಡಬಹುದೇ? ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಹಳೆಯ ಒಡಂಬಡಿಕೆಯ ಗ್ರಂಥಗಳೇ ಬೇಡವೆಂದನು. ಸಭೆಯು ಆ ಗ್ರಂಥಗಳನ್ನು ಉಳಿಸಿಕೊಂಡು ಅವನನ್ನೇ ಹೊರಗಿಟ್ಟಿತು. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ವಿಧಿಯು ಯಾಜಕಕಾಂಡದಲ್ಲಿಯೇ ಇರುವಾಗ ಅದನ್ನು ಬಿಟ್ಟು ಉಳಿಯುವುದೇನು? ಸತ್ಪುತ್ರನು ತಂದೆಯ ಮಾತಿನಂತೆ ನಡೆಯುವುದು ಆಸ್ತಿಯನ್ನು ಸಂಪಾದಿಸುವುದಕ್ಕಾಗಿ ಅಲ್ಲ. ತಾನು ಮಗನೆಂಬ ಕಾರಣದಿಂದ. ಕ್ರೈಸ್ತನಿಗೆ ಶಾಸ್ತ್ರವು ಬೆಲೆಯಲ್ಲ, ನಡೆಯುವ ದಾರಿ.

ಇಲ್ಲಿ ಇನ್ನೊಂದು ಅಪಾಯವಿದೆ. ಹೊಸದಾಗಿ ಬಂದ ಹಕ್ಕುದಾರನು ಹಿರಿಯನನ್ನೇ ಮನೆಯಿಂದ ಹೊರದೂಡಬಹುದು. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ಅನ್ಯಜನರನ್ನು ಎಣ್ಣೆಮರಕ್ಕೆ ಕಸಿಕಟ್ಟಿದ ಕಾಡುಕೊಂಬೆಗೆ ಹೋಲಿಸಿ, ಕೊಂಬೆಯು ಬೇರನ್ನು ಹೊರುವುದಿಲ್ಲ, ಬೇರೇ ಕೊಂಬೆಯನ್ನು ಹೊರುವುದೆಂದು ಎಚ್ಚರಿಸಿದನು. ಆ ಎಚ್ಚರಿಕೆಯನ್ನು ಮರೆತ ಕ್ರೈಸ್ತದೇಶಗಳು ಯೆಹೂದ್ಯರನ್ನು ದೇವರಿಂದ ತಿರಸ್ಕೃತರೆಂದು ಬಗೆದು ಶತಮಾನಗಳ ಕಾಲ ಹಿಂಸಿಸಿದವು. 1965ನೆಯ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಆ ಎಣ್ಣೆಮರವನ್ನೇ ನೆನೆದು, ಯೆಹೂದ್ಯರನ್ನು ಹಾಗೆ ಚಿತ್ರಿಸಕೂಡದೆಂದು ಘೋಷಿಸಿತು. ಅಷ್ಟರಲ್ಲಿ ಐರೋಪ್ಯ ಯೆಹೂದ್ಯರಲ್ಲಿ ಸುಮಾರು 60 ಲಕ್ಷ ಮಂದಿ ನಾಜಿಗಳ ಕೈಯಲ್ಲಿ ಹತರಾಗಿದ್ದರು.

ವಾಗ್ದಾನದಿಂದ ಬದುಕುವವನಿಗೆ ಗರ್ವಕ್ಕೆ ಎಡೆಯಿಲ್ಲ. ಅಬ್ರಹಾಮನಿಗೆ ಕೊಟ್ಟ ಮಾತನ್ನು ದೇವರು ಮುರಿದನೆನ್ನುವವನು, ತನಗೆ ಕೊಟ್ಟ ಮಾತನ್ನು ಯಾವ ಧೈರ್ಯದಿಂದ ನಂಬಿಯಾನು?