ತಿಲೋನಿಯದ ದೀಪವಿದ್ಯೆ

ಜಯಪುರದಿಂದ ಅಜಮೀರಿಗೆ ಹೋಗುವ ರೈಲುದಾರಿಯಲ್ಲಿ ಫುಲೇರಾ ಜಂಕ್ಷನ್ನನ್ನು ದಾಟಿದ ಮೇಲೆ ತಿಲೋನಿಯವೆಂಬ ಚಿಕ್ಕ ನಿಲ್ದಾಣವೊಂದು ಬರುತ್ತದೆ. ಅಜಮೀರಿನ ದರ್ಗಾಕ್ಕೂ ಪುಷ್ಕರದ ತೀರ್ಥಕ್ಕೂ ಹೊರಟ ಯಾತ್ರಿಕರು ಇಲ್ಲಿ ಇಳಿಯುವುದಿಲ್ಲ. ಒಣನೆಲ, ಜಾಲಿಯ ಗಿಡ, ಆಡುಕುರಿಗಳ ಮಂದೆ. ನೋಡತಕ್ಕ ಗುಡಿಗೋಪುರವಾವುದೂ ಇಲ್ಲ. ಆದರೂ ಆಫ್ರಿಕಾ ಖಂಡದ ಹಳ್ಳಿಗಳಿಂದ ಅಜ್ಜಿಯಂದಿರು ಸಮುದ್ರವನ್ನು ದಾಟಿ ಈ ಊರಿಗೆ ಬಂದಿದ್ದಾರೆ. ಅವರು ಬಂದುದು ದೇವರ ದರ್ಶನಕ್ಕಲ್ಲ, ಬಿಸಿಲಿನಿಂದ ದೀಪ ಹಚ್ಚುವ ವಿದ್ಯೆಯನ್ನು ಕಲಿಯುವುದಕ್ಕೆ.

ಬಂಕರ್ ರಾಯ್ ಎಂಬವರು ೧೯೭೨ರಲ್ಲಿ, ಪಾಳುಬಿದ್ದಿದ್ದ ಕ್ಷಯರೋಗದ ಆಸ್ಪತ್ರೆಯೊಂದರ ಕಟ್ಟಡಗಳಲ್ಲಿ ಇಲ್ಲಿನ ಸೇವಾಸಂಸ್ಥೆಯನ್ನು ಆರಂಭಿಸಿದರು. ‘ಬೇರ್‌ಫುಟ್ ಕಾಲೇಜು’, ಎಂದರೆ ಬರಿಗಾಲಿನವರ ಕಾಲೇಜು ಎಂದು ಅದಕ್ಕೆ ಹೆಸರು. ಓದುಬರಹ ಬಾರದವರಿಗೂ ಇಲ್ಲಿ ಪ್ರವೇಶವುಂಟು. ಕಲಿತು ಹೊರಟವರ ಕೈಗೆ ಪ್ರಶಸ್ತಿಪತ್ರವನ್ನು ಮಾತ್ರ ಕೊಡುವುದಿಲ್ಲ.

ಕಾರ್ಯಶಾಲೆಯನ್ನು ಹೊಕ್ಕಾಗ ನಾನು ಬಾಗಿಲಲ್ಲಿಯೇ ನಿಂತುಬಿಟ್ಟೆನು. ಉದ್ದನೆಯ ಮೇಜಿನ ಮುಂದೆ ನರೆಗೂದಲಿನ ಹೆಂಗಸೊಬ್ಬಳು ಬೆಸುಗೆ ಹಾಕುತ್ತಿದ್ದಳು. ಪಕ್ಕದಲ್ಲಿ, ಸೆರಗನ್ನು ಹಣೆಯ ಮೇಲೆಳೆದುಕೊಂಡಿದ್ದ ರಾಜಸ್ಥಾನದ ಹಳ್ಳಿಯ ಹೆಂಗಸೇ ಅವಳಿಗೆ ಗುರು. ಇವಳ ಮಾತು ಅವಳಿಗೆ ತಿಳಿಯದು, ಅವಳ ಮಾತು ಇವಳಿಗೆ ತಿಳಿಯದು. ಪಾಠವೆಲ್ಲ ಕೈಸನ್ನೆಯಿಂದಲೂ ಬಣ್ಣಗಳಿಂದಲೂ ನಡೆದಿತ್ತು. ಬೇಳೆಕಾಳಿನಷ್ಟು ಸಣ್ಣದಾದ ರೆಸಿಸ್ಟರಿನ ಮೈಮೇಲೆ ಬಣ್ಣದ ಪಟ್ಟಿಗಳಿರುತ್ತವೆ: ಕಪ್ಪೆಂದರೆ ಸೊನ್ನೆ, ಕಂದೆಂದರೆ ಒಂದು, ಕೆಂಪೆಂದರೆ ಎರಡು. ಈ ಲೆಕ್ಕಕ್ಕೆ ಅಕ್ಷರವೇಕೆ? ಬಣ್ಣವನ್ನು ಗುರುತಿಸಿ ಅದರ ತಾವಿನಲ್ಲಿ ಕೂಡಿಸಿದರೆ, ಬ್ಯಾಟರಿಗೆ ಮಿತಿಮೀರಿ ವಿದ್ಯುತ್ತು ಹರಿಯದಂತೆ ಕಾಯುವ ಪೆಟ್ಟಿಗೆಯು ಸಿದ್ಧವಾಗುತ್ತದೆ. ಹೀಗೆ ಆರು ತಿಂಗಳ ಕಲಿಕೆ. ಪರಭಾಷೆ, ಪರದೇಶದ ಊಟ, ಮನೆಮಕ್ಕಳ ಚಿಂತೆ, ಇವೆಲ್ಲವನ್ನೂ ನುಂಗಿಕೊಂಡು ಕಲಿಯಬೇಕು.

ಅಜ್ಜಿಯರೇ ಏಕೆ? ತರುಣನಿಗೆ ವಿದ್ಯೆಯನ್ನೂ ಪ್ರಶಸ್ತಿಪತ್ರವನ್ನೂ ಕೊಟ್ಟರೆ ಅವನು ಪಟ್ಟಣದ ದಾರಿ ಹಿಡಿಯುತ್ತಾನೆ. ಅಜ್ಜಿಯು ಮೊಮ್ಮಕ್ಕಳನ್ನು ಬಿಟ್ಟು ಎಲ್ಲಿಗೂ ಹೋಗಳು. ವಿದ್ಯೆಯು ಊರಿನಲ್ಲಿಯೇ ನಿಲ್ಲಬೇಕಾದರೆ ಊರು ಬಿಡದವರಿಗೆ ಕಲಿಸಬೇಕೆಂಬುದು ಇಲ್ಲಿಯವರು ಅನುಭವದಿಂದ ಕಂಡುಕೊಂಡ ನೀತಿ.

ಇದನ್ನು ಕೇಳಿದಾಗ ನನ್ನ ಸ್ವಂತ ಊರಿನ ನೆನಪಾಯಿತು. ಅಲ್ಲಿ ಅರಳಿಕಟ್ಟೆಯ ಬಳಿ ಯಾರೋ ಪುಣ್ಯಾತ್ಮರು ಸೌರದೀಪವೊಂದನ್ನು ನೆಡಿಸಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಆರಿತು. ಕೆಟ್ಟುದು ಒಂದು ತಂತಿಯೋ, ಬ್ಯಾಟರಿಯೋ ಯಾರೂ ಅರಿಯರು. ಬಿಚ್ಚಿ ನೋಡಬಲ್ಲವರೊಬ್ಬರೂ ಇಲ್ಲದೆ ಆ ಕಂಬವು ಕಡೆಗೆ ದನ ಕಟ್ಟುವ ಗೂಟವಾಯಿತು. ದೀಪವನ್ನು ದಾನವಾಗಿ ಪಡೆಯಬಹುದು. ಅದನ್ನು ಉಳಿಸಿಕೊಳ್ಳುವ ಕೈ ಮಾತ್ರ ಊರಿನದೇ ಆಗಿರಬೇಕು.

ತಿಲೋನಿಯದ ಏರ್ಪಾಡಿನಲ್ಲಿ ಈ ಮಾತನ್ನು ಮರೆತಿಲ್ಲ. ಅಜ್ಜಿಯನ್ನು ಕಳುಹಿಸುವ ಮೊದಲೇ ಆ ಹಳ್ಳಿಯವರು ಸಮಿತಿಯೊಂದನ್ನು ಮಾಡಿಕೊಳ್ಳಬೇಕು. ಸೀಮೆಎಣ್ಣೆ, ಮೇಣದಬತ್ತಿಗಳಿಗೆ ಪ್ರತಿ ಮನೆಯವರು ಎಷ್ಟು ವೆಚ್ಚಮಾಡುತ್ತಿದ್ದರೆಂಬುದನ್ನು ನೋಡಿ, ಅದಕ್ಕನುಸಾರವಾಗಿ ತಿಂಗಳ ವಂತಿಗೆಯನ್ನು ಗೊತ್ತುಮಾಡಬೇಕು. ಆ ಹಣದಿಂದಲೇ, ಕಲಿತು ಬಂದವಳಿಗೆ ದುರಸ್ತಿಯ ಸಂಬಳ. ೨೦೦೮ರಿಂದೀಚೆಗೆ ಪರದೇಶದ ಹೆಂಗಸರ ಪ್ರಯಾಣಕ್ಕೂ ಕಲಿಕೆಗೂ ಭಾರತ ಸರ್ಕಾರದ ನೆರವು ದೊರೆಯಿತು.

ಹೊರಡುವ ಮುನ್ನ ಕತ್ತಲಾಯಿತು. ಹಗಲೆಲ್ಲ ಆಡು ಕಾಯ್ದ ಮಕ್ಕಳು ಇರುಳಿನ ಪಾಠಶಾಲೆಯಲ್ಲಿ ಸೌರಲಾಂದ್ರದ ಸುತ್ತ ಕುಳಿತು ಓದುತ್ತಿದ್ದರು. ನಡುವೆ ದೀಪವು ಮಿಣುಕಿತು. ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಎದ್ದು ಬಂದು, ಅದನ್ನು ತೊಡೆಯ ಮೇಲಿಟ್ಟುಕೊಂಡು ತಿರುಪನ್ನು ಬಿಚ್ಚಿದಳು. ಮಕ್ಕಳಾರೂ ತಲೆಯೆತ್ತಿ ನೋಡಲಿಲ್ಲ. ಅಜ್ಜಿ ಸರಿಮಾಡುವಳೆಂಬುದು ಅವರಿಗೆ ಗೊತ್ತಿತ್ತು.